ದಿನಾ ಓಡಿಸುವ ಜೀಪಿಗೆ ಡಿಫರೆನ್ಷಿಯಲ್ ಲಾಕ್: ಮಲೆನಾಡಿನ ಜೌಗಿನಲ್ಲಿ, ಹಿಮದ ದಾರಿಯಲ್ಲಿ

ಪ್ರಶ್ನೆ: ರಿಪ್ಪನ್‌ಪೇಟೆ ಹತ್ತಿರದ ಹಳ್ಳಿಯಿಂದ ದಿನಾ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಗಾಡಿ ಡೀಸೆಲ್ ಥಾರ್, ಫೋರ್ ವೀಲ್ ಡ್ರೈವ್. ಹಿಂದಿನ ಆಕ್ಸಲ್‌ನಲ್ಲಿ ಕಂಪನಿಯದೇ ಮೆಕ್ಯಾನಿಕಲ್ ಲಾಕ್ ಇದೆ. ಮನೆಗೆ ಹೋಗುವ ಕೊನೆಯ ಒಂದೂವರೆ ಕಿ.ಮೀ. ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ದಾಟಿದ ಕೂಡಲೇ ಏರು. ಅಡಿಕೆ ಕೊಯ್ಲು ಮುಗಿಯುವವರೆಗೂ, ಅಂದರೆ ಜನವರಿವರೆಗೂ, ಅಲ್ಲಿ ಜೌಗು ಆರುವುದಿಲ್ಲ. ಏರಿನಲ್ಲಿ ಒಮ್ಮೊಮ್ಮೆ ಹಿಂದಿನಿಂದ ‘ಧಡ್’ ಎಂದು ಸದ್ದು ಬರುತ್ತದೆ. ಇದು ಹಾಳಾಗುವ ಲಕ್ಷಣವೇ? ಗ್ಯಾರೇಜಿನವರು ಇದನ್ನು ತೆಗೆಸಿ ಮುಂದೆ ಹಿಂದೆ ಎರಡಕ್ಕೂ ಏರ್ ಲಾಕರ್ ಹಾಕಿಸಿ ಅನ್ನುತ್ತಾರೆ. ನನ್ನ ಹೆಂಡತಿಯೂ ಇದೇ ಗಾಡಿ ಓಡಿಸುತ್ತಾಳೆ. ಜನವರಿ ಕೊನೆಗೆ ಮನಾಲಿ ಕಡೆ ಹಿಮದಲ್ಲಿ ಹೋಗುವ ಯೋಚನೆಯಿದೆ, ಅಲ್ಲಿ ಲಾಕ್ ಹಾಕಿಕೊಂಡೇ ಓಡಿಸಬೇಕೆ?

ಉತ್ತರ: ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ ಡಿಫರೆನ್ಷಿಯಲ್; ಅದನ್ನು ಬಿಗಿದು ಎರಡನ್ನೂ ಒಟ್ಟಿಗೆ ತಿರುಗಿಸುವುದು ಲಾಕ್. ಸದ್ದಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಚಕ್ರ ಜಾರಿ ತಿರುಗಿದ ಮರುಕ್ಷಣ ಒಂದೇ ಒಂದು ‘ಧಡ್’ ಬಂದು, ಗಾಡಿ ಹಿಡಿದು ಮೇಲೆ ಹತ್ತಿದರೆ ಅದು ಲಾಕ್ ಕೂತ ಸದ್ದು. ರೋಗವಲ್ಲ. ಏರ್ ಲಾಕರ್, ಅಂದರೆ ಸ್ವಿಚ್ ಒತ್ತಿದಾಗ ಗಾಳಿಯ ಒತ್ತಡದಿಂದ ಕೂರುವ ಲಾಕ್, ನಿಮಗೆ ಬೇಡ, ಮುಂದಿನ ಆಕ್ಸಲ್‌ಗಂತೂ ಖಂಡಿತ ಬೇಡ. ಹಿಮದ ಮೇಲೆ ಲಾಕ್ ಹಾಕಿಕೊಂಡು ಓಡಿಸುವುದು ತಪ್ಪು. ನಿಮ್ಮ ಗಾಡಿಯಲ್ಲಿ ಅದು ಸ್ವಿಚ್ ಇಲ್ಲದ ಲಾಕ್ ಆಗಿರುವುದರಿಂದ ಅಲ್ಲಿ ಬೇರೆ ಒಂದು ಎಚ್ಚರ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಇಷ್ಟೇ ಸಾಕು ಅನ್ನುವವರು ಇಲ್ಲಿಗೆ ನಿಲ್ಲಿಸಬಹುದು. ಆದರೆ ಲಾಕ್ ಯಾವಾಗ ಕೈ ಹಿಡಿಯುತ್ತದೆ, ಯಾವಾಗ ಅಗಳಿಗೆ ನೂಕುತ್ತದೆ ಎಂಬುದು ಲೆಕ್ಕ ಹಾಕಿ ನೋಡದೆ ಮನಸ್ಸಿನಲ್ಲಿ ಕೂರುವುದಿಲ್ಲ.

ನಿಮ್ಮ ಹಳ್ಳದಾಚೆಯ ಏರನ್ನೇ ತೆಗೆದುಕೊಳ್ಳಿ. ಗಾಡಿ, ಜನ, ಸಾಮಾನು ಸೇರಿ 1,800 ಕೆ.ಜಿ. ಎಂದುಕೊಳ್ಳೋಣ. ಒಂದೊಂದು ಚಕ್ರದ ಮೇಲೆ 450 ಕೆ.ಜಿ. ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ಗಾಡಿ ಮೇಲೆ ಹೋಗಬೇಕಾದರೆ ಚಕ್ರಗಳೆಲ್ಲ ಸೇರಿ ಸುಮಾರು 180 ಕೆ.ಜಿ. ತಳ್ಳಬೇಕು. ಎಡಗಡೆಯ ಚಕ್ರಗಳು ಜೌಗಿನ ಮೇಲಿವೆ, ಅಲ್ಲಿ ಹಿಡಿತ ಭಾರದ ನೂರಕ್ಕೆ 15 ಭಾಗ, ಅಂದರೆ ಚಕ್ರಕ್ಕೆ 67 ಕೆ.ಜಿ. ಬಲಗಡೆಯವು ಗಟ್ಟಿ ಜಂಬಿಟ್ಟಿಗೆಯ ಮೇಲಿವೆ, ಅಲ್ಲಿ ನೂರಕ್ಕೆ 60 ಭಾಗ, ಅಂದರೆ 270 ಕೆ.ಜಿ. ಗಾಡಿ ಟೂ ವೀಲ್‌ನಲ್ಲಿದೆ, ಅಂದರೆ ಎಂಜಿನ್ ಹಿಂದಿನ ಎರಡು ಚಕ್ರವನ್ನಷ್ಟೇ ತಿರುಗಿಸುತ್ತಿದೆ ಎಂದುಕೊಳ್ಳಿ. ಮಾಮೂಲಿ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಹಾಗಾಗಿ ಬಡಪಾಯಿ ಎಡಚಕ್ರ ತಡೆಯುವ 67 ಕೆ.ಜಿ.ಯಷ್ಟೇ ಬಲಚಕ್ರಕ್ಕೂ ಸಿಗುವುದು. ಒಟ್ಟು 135. ಗಾಡಿ ಹತ್ತುವುದಿಲ್ಲ. ಹಿಂದೆ ಲಾಕ್ ಕೂತರೆ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಎಡಗಡೆ 67, ಬಲಗಡೆ 270, ಒಟ್ಟು 337. ಆರಾಮಾಗಿ ಹತ್ತುತ್ತದೆ.

ಇದೇ ಜಾಗದಲ್ಲಿ ಲಾಕ್ ಇಲ್ಲದೆ ಬರೀ ಫೋರ್ ಹೈ (ಮಾಮೂಲಿ ಗೇರುಗಳಲ್ಲೇ ನಾಲ್ಕೂ ಚಕ್ರ ತಿರುಗಿಸುವುದು) ಹಾಕಿದ್ದರೆ? ಮುಂದಿನ ಆಕ್ಸಲ್‌ನಿಂದ ಇನ್ನೊಂದು 135 ಬರುತ್ತದೆ, ಒಟ್ಟು 270. ಅದೂ 180ಕ್ಕಿಂತ ಹೆಚ್ಚೇ. ಅಂದರೆ ಈ ಏರಿಗೆ ಲಾಕ್ ಬೇಕಾಗಿಯೇ ಇರಲಿಲ್ಲ. ಹಳ್ಳ ದಾಟುವ ಮುಂಚೆ ಲಿವರ್ ಎಳೆಯಲು ಸೋಮಾರಿತನ ಮಾಡಿ, ಟೂ ವೀಲ್‌ನಲ್ಲೇ ನುಗ್ಗಿ, ಚಕ್ರ ಜಾರಿಸಿ, ಲಾಕ್ ಬಡಿಸಿ ಹತ್ತುವುದು ನಮ್ಮ ಕಡೆ ಬಹಳ ಜನ ಮಾಡುವ ಕೆಲಸ. ಆ ‘ಧಡ್’ ನಿಮಗೆ ಪದೇಪದೇ ಕೇಳುತ್ತಿದ್ದರೆ ಕಾರಣ ಬಹುಶಃ ಇದೇ. ಹಳ್ಳಕ್ಕೆ ಇಳಿಯುವ ಮೊದಲೇ ಫೋರ್ ಹೈ ಹಾಕಿ. ಏರು ಕಡಿದಾಗಿದ್ದರೆ ನಿಂತು ಫೋರ್ ಲೋ (ನಾಲ್ಕೂ ಚಕ್ರ, ಇನ್ನೂ ನಿಧಾನದ ಗೇರು) ಹಾಕಿ, ಎರಡನೇ ಗೇರ್‌ನಲ್ಲಿ ಹತ್ತಿಸಿ. ಥಾರ್‌ನಲ್ಲಿ ಲೋ ರೇಶಿಯೋ 2.48, ಲೋ ಹಾಕಿದಾಗ ಪ್ರತಿ ಗೇರೂ ಅಷ್ಟು ಪಟ್ಟು ನಿಧಾನ, ಅಂದರೆ ಫೋರ್ ಲೋ ಎರಡನೇ ಗೇರ್ ಎಂದರೆ ಮಾಮೂಲಿ ಮೊದಲ ಗೇರಿಗಿಂತಲೂ ನಿಧಾನ, ಆದರೆ ಫೋರ್ ಲೋ ಮೊದಲ ಗೇರಿನಷ್ಟು ಚಕ್ರವನ್ನು ಒದರಿಸುವುದಿಲ್ಲ. ಜೌಗಿಗೆ ಅದೇ ಹದ.

ಹಾಗಾದರೆ ಲಾಕ್ ನಿಜವಾಗಿ ಬೇಕಾಗುವುದು ಎಲ್ಲಿ? ಚಕ್ರ ಗಾಳಿಯಲ್ಲಿ ತೂಗಿದಾಗ. ಮಳೆನೀರು ಕೊರೆದ ಅಡ್ಡ ಕೊರಕಲಿನಲ್ಲಿ ಎಡ ಮುಂದಿನ ಚಕ್ರವೂ ಬಲ ಹಿಂದಿನ ಚಕ್ರವೂ ಒಟ್ಟಿಗೆ ಭಾರ ಕಳೆದುಕೊಳ್ಳುತ್ತವೆ. ಕೊಡಚಾದ್ರಿಯ ಜೀಪು ದಾರಿಯಂಥ ಕಡೆ ಹೆಜ್ಜೆಗೊಂದು ಇಂಥ ಜಾಗ. ತೂಗುವ ಚಕ್ರದ ಹಿಡಿತ ಸೊನ್ನೆ, ಹಾಗಾಗಿ ಜೊತೆಯ ಚಕ್ರಕ್ಕೂ ಸೊನ್ನೆ. ಫೋರ್ ವೀಲ್ ಹಾಕಿದ್ದರೂ ನಾಲ್ಕರಲ್ಲಿ ಎರಡು ಸುಮ್ಮನೆ ಗಿರಗಿರ ತಿರುಗುತ್ತವೆ, ಇನ್ನೆರಡು ಅಲ್ಲಾಡುವುದಿಲ್ಲ. ಇಲ್ಲಿ ಹಿಂದಿನ ಒಂದು ಲಾಕ್ ಸಾಕು, ಗಾಡಿ ಮುಂದೆ ಹೋಗುತ್ತದೆ.

ನಿಮ್ಮ ಗಾಡಿಯಲ್ಲಿರುವುದು ತಾನಾಗಿ ಕೂರುವ ಲಾಕ್. ಎರಡು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ಒಳಗಿನ ಪುಟ್ಟ ಗವರ್ನರ್‌ನ ತೂಕಗಳು ಹೊರಕ್ಕೆ ಚಿಮ್ಮಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ, ಕ್ಯಾಮ್ ಏರಿ ಕ್ಲಚ್ ತಟ್ಟೆಗಳನ್ನು ಒತ್ತಿ ಎರಡೂ ಕಡೆಯನ್ನು ಬಿಗಿಯುತ್ತದೆ. ಗಾಡಿಯ ವೇಗ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ಅದು ಹೊಸದಾಗಿ ಕೂರದಂತೆ ತಡೆಯೂ ಇದೆ. 18 ಇಂಚಿನ ರಿಮ್ಮಿನ 255/65 ಟೈರಿನ ಸುತ್ತಳತೆ ಸುಮಾರು 2.48 ಮೀಟರ್. 100 ಸುತ್ತು ಎಂದರೆ ನಿಮಿಷಕ್ಕೆ 248 ಮೀಟರ್, ಗಂಟೆಗೆ ಹೆಚ್ಚುಕಮ್ಮಿ 15 ಕಿ.ಮೀ. ಒಂದು ಚಕ್ರ ನಿಂತಿದ್ದರೆ ಇನ್ನೊಂದು ಗಂಟೆಗೆ 15 ಕಿ.ಮೀ. ವೇಗದಲ್ಲಿ ಜಾರಿ ತಿರುಗುವವರೆಗೆ ಲಾಕ್ ಕೂರುವುದಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಚಕ್ರ ತೂಗುವಾಗ ಭಯಪಟ್ಟು ಆಕ್ಸಲರೇಟರನ್ನು ಚೂರುಚೂರೇ ಒತ್ತಿ ಬಿಡುತ್ತಿದ್ದರೆ ಲಾಕ್ ಎಂದಿಗೂ ಕೂರದು. ನಿಧಾನವಾಗಿ, ಆದರೆ ಬಿಡದೆ ಒತ್ತಿ, ಚಕ್ರ ಒಂದೆರಡು ಸುತ್ತು ಓಡಲಿ. ಕೂತ ಸದ್ದು ಬಂದ ಕೂಡಲೇ ಕಾಲನ್ನು ಅಲ್ಲೇ ನಿಲ್ಲಿಸಿ, ಇನ್ನೂ ಒತ್ತಬೇಡಿ. ಪೂರ್ತಿ ಒತ್ತಿ ಚಕ್ರ ಹುಚ್ಚಾಪಟ್ಟೆ ತಿರುಗುವಾಗ ಲಾಕ್ ಕೂತರೆ ಆ ಪೆಟ್ಟೆಲ್ಲ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಹಾಫ್ ಶಾಫ್ಟಿಗೆ. ಲಾಕ್ ಇರುವ ಗಾಡಿಗಳಲ್ಲಿ ಶಾಫ್ಟ್ ಮುರಿಯುವುದು ಹೆಚ್ಚಾಗಿ ಹೀಗೆಯೇ. ಎರಡನೆಯದು, ತಿರುವಿನಲ್ಲಿ ಅದು ತಾನಾಗಿ ಕೂರುತ್ತದೇನೋ ಎಂಬ ಭಯ ಬೇಡ. 6 ಮೀಟರ್ ತ್ರಿಜ್ಯದ ಹೇರ್‌ಪಿನ್ನಿನಲ್ಲಿ ಗಂಟೆಗೆ 15 ಕಿ.ಮೀ.ನಲ್ಲಿ ತಿರುಗಿದರೂ ಒಳಚಕ್ರ ಹೊರಚಕ್ರಗಳ ವ್ಯತ್ಯಾಸ ಗಂಟೆಗೆ 4 ಕಿ.ಮೀ.ಗಿಂತ ಕಡಿಮೆ, ನಿಮಿಷಕ್ಕೆ 25 ಸುತ್ತಿನಷ್ಟು. 100 ಎಲ್ಲಿ, 25 ಎಲ್ಲಿ! ಆಗುಂಬೆ ಘಾಟಿಯಲ್ಲಾಗಲಿ ಹುಲಿಕಲ್ ಘಾಟಿಯಲ್ಲಾಗಲಿ ಟಾರಿನ ಮೇಲೆ ಅದು ಕೂರುವ ಪ್ರಶ್ನೆಯೇ ಇಲ್ಲ. ತಿರುವಿನಲ್ಲಿ ‘ಧಡ್’ ಕೇಳಿದರೆ ಒಳಚಕ್ರ ಜಾರಿರಬೇಕು, ಇಲ್ಲವೇ ಬೇರೇನೋ ಸಡಿಲವಾಗಿರಬೇಕು.

ಈಗ ಲಾಕಿನ ಕೆಟ್ಟ ಮುಖ. ಇದನ್ನು ಮಾರುವವರು ಹೇಳುವುದಿಲ್ಲ.

ಟೈರಿಗೆ ಇರುವ ಹಿಡಿತ ಒಂದೇ ಗಂಟು. ಮುಂದಕ್ಕೆ ತಳ್ಳುವುದಕ್ಕೂ ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಅದರಲ್ಲೇ ಖರ್ಚು ಮಾಡಬೇಕು. ಜಾರಿ ತಿರುಗುವ ಚಕ್ರ ಆ ಗಂಟನ್ನೆಲ್ಲ ತಿರುಗುವುದರಲ್ಲೇ ಕಳೆದುಬಿಡುತ್ತದೆ, ಪಕ್ಕದ ಹಿಡಿತ ಉಳಿಯುವುದಿಲ್ಲ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೆ ಇನ್ನೊಂದು ಸುಮ್ಮನಿರುತ್ತದೆ. ಗಾಡಿ ಮುಂದೆ ಹೋಗದಿದ್ದರೂ ಆ ಸುಮ್ಮನಿದ್ದ ಚಕ್ರ ಹಿಂಭಾಗವನ್ನು ಪಕ್ಕಕ್ಕೆ ಹೋಗದಂತೆ ಹಿಡಿದಿರುತ್ತದೆ. ಲಾಕ್ ಕೂತಾಗ ಎರಡೂ ಒಟ್ಟಿಗೆ ಜಾರಿದರೆ ಹಿಡಿಯುವವರೇ ಇಲ್ಲ. ದಾರಿ ಒಂದು ಕಡೆಗೆ ವಾಲಿದ್ದರೆ ಹಿಂಭಾಗ ತಗ್ಗಿನ ಕಡೆಗೆ ಮೆಲ್ಲಗೆ ಹೊರಳುತ್ತದೆ.

ಮಲೆನಾಡಿನ ತೋಟದ ದಾರಿ ಹೇಗಿರುತ್ತದೆ ನಿಮಗೇ ಗೊತ್ತು. ಮೇಲ್ಗಡೆ ದರೆ, ಕೆಳಗಡೆ ಅಗಳು ಅಥವಾ ಗದ್ದೆ, ದಾರಿಯೋ ಕೆಳಕ್ಕೆ ವಾಲಿರುತ್ತದೆ. ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ, ಮೇಲೆ ಎರಡಂಗುಲ ನುಣ್ಣನೆಯ ಕೆಸರು. ನಾಲ್ಕೂ ಚಕ್ರಕ್ಕೆ ಒಂದೇ ತರಹದ ಕಡಿಮೆ ಹಿಡಿತ. ಇಂಥ ಕಡೆ ಲಾಕ್ ಕೂತರೆ ಮುಂದೆ ಹೋಗುವುದಕ್ಕೆ ಸಿಗುವ ಲಾಭ ಅತ್ಯಲ್ಪ, ಎರಡೂ ಚಕ್ರದ ಹಿಡಿತ ಮೊದಲೇ ಸಮನಾಗಿತ್ತಲ್ಲ. ಪಕ್ಕಕ್ಕೆ ಜಾರುವ ಅಪಾಯ ಮಾತ್ರ ಪೂರ್ತಿ. ಹಾಗಾಗಿ ವಾಲಿದ ದಾರಿಯಲ್ಲಿ ಹಿಂಭಾಗ ಹೊರಳಿದ್ದು ಸೀಟಿನಲ್ಲಿ ಗೊತ್ತಾದ ಕೂಡಲೇ ಆಕ್ಸಲರೇಟರ್ ಬಿಡಿ, ಬ್ರೇಕ್ ಒತ್ತಬೇಡಿ, ಸ್ಟೀರಿಂಗನ್ನು ಹಿಂಭಾಗ ಹೋದ ಕಡೆಗೆ ಸ್ವಲ್ಪ ತಿರುಗಿಸಿ. ಕಾಲು ತೆಗೆದರೆ ಬಲ ಇಳಿದು ನಿಮ್ಮ ಲಾಕ್ ತಾನಾಗಿ ಬಿಡುತ್ತದೆ. ಕೆಲವೊಮ್ಮೆ ಬಿಗಿ ಉಳಿದಿರುತ್ತದೆ, ಆಗ ಒಂದಡಿ ಹಿಂದಕ್ಕೆ ಬಿಟ್ಟರೆ ಸಡಿಲಾಗುತ್ತದೆ.

ಕಾಂಕ್ರೀಟ್ ಏರಿನ ಪಾಚಿಯೂ ಇದೇ ಜಾತಿ. ಮಳೆಗಾಲದಲ್ಲಿ ಹಬ್ಬಿದ್ದು ಕಾರ್ತಿಕ ಕಳೆದರೂ ನೆರಳಿನ ಕಡೆ ಉಳಿದಿರುತ್ತದೆ, ಬೆಳಗಿನ ಇಬ್ಬನಿ ಬಿದ್ದರೆ ಸೋಪು ಹಚ್ಚಿದ ಹಾಗೆ. ಲಾಕರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಒಂದು ಬಕೆಟ್ ಬ್ಲೀಚಿಂಗ್ ಪೌಡರ್ ನೀರು, ಒಂದು ಗಡಸು ಪೊರಕೆ ಹಿಡಿದು ಆ ಜಾಗವನ್ನು ಉಜ್ಜಿಸಿ. ಟಾರು ರಸ್ತೆಯಲ್ಲಿ ಅಕೇಶಿಯಾ ತೋಪುಗಳ ಪಕ್ಕ ಒದ್ದೆ ಎಲೆ ಹಾಸಿದ ತಿರುವುಗಳಿಗೂ ಲಾಕ್ ಮದ್ದಲ್ಲ. ಅಲ್ಲಿ ಬೇಕಾದ್ದು ನಿಧಾನ ಮತ್ತು ಒಳ್ಳೆಯ ಟೈರು. ಒಣ ಟಾರಿನ ಮೇಲಂತೂ ಫೋರ್ ಹೈ ಕೂಡ ಬೇಡ. ನಿಮ್ಮ ಟ್ರಾನ್ಸ್‌ಫರ್ ಕೇಸ್ ಮುಂದಿನ ಹಿಂದಿನ ಶಾಫ್ಟುಗಳನ್ನು ಬಿಗಿಯಾಗಿ ಜೋಡಿಸುತ್ತದೆ, ತಿರುವಿನಲ್ಲಿ ಅವು ಒಂದಕ್ಕೊಂದು ಎಳೆದಾಡಿ ಸ್ಟೀರಿಂಗ್ ಕಚ್ಚುತ್ತದೆ, ಲಿವರ್ ಹೊರಬರುವುದಿಲ್ಲ. ಮಳೆ ಸುರಿಯುವ ಟಾರಿನ ಮೇಲೆಯೂ ನನ್ನ ಅಭಿಪ್ರಾಯ ಅದೇ: ಕೆಸರು ಹರಿದು ಬಂದಿರದಿದ್ದರೆ ಟೂ ಹೈ, ಅಂದರೆ ಹಿಂದಿನ ಎರಡೇ ಚಕ್ರ, ಸಾಕು.

ಇನ್ನು ಗ್ಯಾರೇಜಿನವರ ಸಲಹೆ. ಏರ್ ಲಾಕರ್ ಕೆಟ್ಟ ಸಾಮಾನಲ್ಲ. ಬೇಕಾದಾಗ ಸ್ವಿಚ್ ಒತ್ತಿದರೆ ಪೂರ್ತಿ ಲಾಕ್, ಬೇಡವಾದಾಗ ಮಾಮೂಲಿ ಡಿಫರೆನ್ಷಿಯಲ್. ದಿನಾ ಓಡಿಸುವ ಗಾಡಿಗೆ ತತ್ತ್ವದಲ್ಲಿ ಅದೇ ಅತ್ಯುತ್ತಮ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಚಾಲಕನೇ ಹಾಕುವ ಲಾಕ್ ಕಂಪನಿಯಿಂದಲೇ ಬರುತ್ತದೆ, ಥಾರ್ ರಾಕ್ಸ್‌ನ ಫೋರ್ ವೀಲ್ ಮಾದರಿಯಲ್ಲಿ ಹಿಂದಕ್ಕೆ ಎಲೆಕ್ಟ್ರಾನಿಕ್ ಲಾಕ್ ಇದೆ, ಜಿಮ್ನಿಯಲ್ಲಿ ಲಾಕ್ ಇಲ್ಲ, ಜಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಕೆಲಸ ಸಾಗಿಸುತ್ತದೆ. ಹೊಸದಾಗಿ ಗಾಡಿ ಕೊಳ್ಳುವವರು ಇದನ್ನೆಲ್ಲ ತೂಗಿ ನೋಡಬೇಕು. ಆದರೆ ಒಳ್ಳೆಯ ಲಾಕ್ ಇರುವ ಆಕ್ಸಲನ್ನು ಬಿಚ್ಚಿಸಿ ಇನ್ನೊಂದು ಲಾಕ್ ಹಾಕಿಸುವುದು ಬೇರೆ ಮಾತು.

ಬಿಚ್ಚಿಸುವುದೆಂದರೆ ಏನು ಕೆಲಸ ಎಂದು ಹೇಳುತ್ತೇನೆ, ನೀವೇ ನಿರ್ಧರಿಸಿ. ಹಾಫ್ ಶಾಫ್ಟ್ ಎಳೆದು, ಕ್ಯಾರಿಯರ್ ಹೊರತೆಗೆದು, ಕ್ರೌನ್ ವೀಲನ್ನು (ಆಕ್ಸಲ್ ಒಳಗಿನ ದೊಡ್ಡ ಗೇರು; ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್) ಹೊಸ ಲಾಕರ್ ಮೇಲೆ ಕೂರಿಸಬೇಕು. ಆಮೇಲೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜ್ ಇಟ್ಟು ಹೊಂದಿಸಬೇಕು. ಈ ಗಾತ್ರದ ಆಕ್ಸಲ್‌ಗಳಲ್ಲಿ ಅದು ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ. ಆಸುಪಾಸು, ನಿಖರ ಅಳತೆ ಆಯಾ ಆಕ್ಸಲ್‌ನ ಸರ್ವಿಸ್ ಪುಸ್ತಕದ್ದೇ ಅಂತಿಮ. ಕ್ರೌನ್ ವೀಲಿನ ನಾಲ್ಕು ಕಡೆ ಅಳೆಯಬೇಕು, ಒಂದೇ ಕಡೆ ಅಳೆದರೆ ಓರೆ ಇರುವುದು ತಿಳಿಯುವುದಿಲ್ಲ. ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ ಗುರುತು ಹಲ್ಲಿನ ನಡುವೆ ಬೀಳುತ್ತದೆಯೇ ನೋಡಬೇಕು. ಬೇರಿಂಗ್ ಬಿಗಿ ಹೊಂದಿಸಬೇಕು, ಕ್ರೌನ್ ಬೋಲ್ಟುಗಳಿಗೆ ಥ್ರೆಡ್ ಲಾಕರ್ ಹಚ್ಚಿ ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು. ಡಯಲ್ ಗೇಜ್ ತೋರಿಸಿ ಎಂದು ಕೇಳಿ. ‘ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗುತ್ತೆ ಸಾರ್’ ಎಂದರೆ ಕೀ ವಾಪಸ್ ತೆಗೆದುಕೊಂಡು ಬನ್ನಿ. ಸಂದು ತಪ್ಪಿದ ಆಕ್ಸಲ್ 60-70ರ ವೇಗದಲ್ಲಿ ‘ಗುಂಯ್’ ಎಂದು ಕೂಗಲು ಶುರುಮಾಡುತ್ತದೆ, ಆಮೇಲೆ ಹಲ್ಲು ತಿನ್ನುತ್ತದೆ. ದಿನಕ್ಕೆ ನೂರು ಕಿ.ಮೀ. ದಾಟಿ ಟಾರಿನ ಮೇಲೆ ಓಡುವ ನಿಮ್ಮಂಥವರಿಗೆ ಅದು ದಿನದ ಹಿಂಸೆ.

ಜೊತೆಗೆ ಏರ್ ಲಾಕರಿಗೆ ಅದರದೇ ರೋಗಗಳಿವೆ. ಕಂಪ್ರೆಸರ್, ಸೊಲೆನಾಯ್ಡ್, ಸಣ್ಣ ಪೈಪು, ಒಳಗೆ ಓ-ರಿಂಗ್ ಸೀಲು. ಪೈಪು ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ, ಬೇಲಿ ಕಡ್ಡಿಗೆ ಸಿಕ್ಕಿದರೆ ಕಿತ್ತುಬರುತ್ತದೆ. ಸೀಲು ಹೋದರೆ ಲಾಕ್ ಹಾಕಿದಾಗಲೆಲ್ಲ ಗಾಳಿ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಒಳಕ್ಕೆ ನುಗ್ಗಿ ಅದರ ಗಾಳಿಕಿಂಡಿಯಾದ ಬ್ರೀದರ್‌ನಿಂದ ಆಯಿಲ್ ಉಗುಳುತ್ತದೆ. ಸೊಲೆನಾಯ್ಡ್ ಬಾಯಲ್ಲಿ ಆಯಿಲ್ ಜಿಡ್ಡು ಕಂಡರೂ ಅದೇ ಸೂಚನೆ. ಎಲೆಕ್ಟ್ರಿಕ್ ಲಾಕರ್‌ನಲ್ಲಿ ಈ ಪೈಪಿನ ಕಾಟವಿಲ್ಲ, ಆದರೆ ನಮ್ಮ ತೇವಕ್ಕೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುತ್ತವೆ. ಕೇಬಲ್ ಅಥವಾ ಲಿವರ್‌ನದು ಬಳಸದೆ ಬಿಟ್ಟರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಯಾವುದೇ ಸ್ವಿಚ್ ಲಾಕ್ ಇರುವವರು ತಿಂಗಳಿಗೊಮ್ಮೆ ಮಣ್ಣಿನ ನೆಲದಲ್ಲಿ ನೇರವಾಗಿ ಹತ್ತು ಮೀಟರ್ ಲಾಕ್ ಹಾಕಿ ತೆಗೆದು ಅಭ್ಯಾಸ ಮಾಡಿಸಬೇಕು. ಹಾಕುವುದು ಗಾಡಿ ನಿಂತಾಗ ಅಥವಾ ತೆವಳುವಾಗ, ಸ್ಟೀರಿಂಗ್ ನೇರವಿಟ್ಟು. ಚಕ್ರ ಜಾರಿ ತಿರುಗುತ್ತಿರುವಾಗ ಸ್ವಿಚ್ ಒತ್ತಿದರೆ ಹಲ್ಲುಗಳು ಒಂದಕ್ಕೊಂದು ಬಡಿದು ಚೂಪು ಹೋಗುತ್ತವೆ. ಡ್ಯಾಶ್‌ಬೋರ್ಡಿನ ಲಾಕ್ ದೀಪ ಮಿನುಗುತ್ತಿದ್ದರೆ ಇನ್ನೂ ಕೂತಿಲ್ಲ ಎಂದರ್ಥ, ಒಂದೆರಡು ಮೀಟರ್ ಮುಂದೆ ಹೋದರೆ ಸ್ಥಿರವಾಗುತ್ತದೆ.

ಮುಂದಿನ ಲಾಕ್ ಯಾಕೆ ಬೇಡ ಎಂದರೆ, ಅದು ಕೂತಾಗ ಸ್ಟೀರಿಂಗ್ ಕಲ್ಲಾಗುತ್ತದೆ, ಗಾಡಿ ತಿರುಗದೆ ನೇರಕ್ಕೆ ತಳ್ಳುತ್ತದೆ. ಅರ್ಧ ಸುತ್ತಿನ ಒಂದು ಹೇರ್‌ಪಿನ್ನಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ದೂರ ಹೋಗಬೇಕು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಚಕ್ರಗಳ ನಡುವಿನ ಒಂದೂವರೆ ಮೀಟರ್ ಅಗಲದಿಂದ ಬರುವ ಲೆಕ್ಕ ಅದು. ಲಾಕ್ ಬಿಡದಿದ್ದರೆ ಅಷ್ಟನ್ನೂ ಟೈರು ಉಜ್ಜಿಯೋ ಶಾಫ್ಟ್ ತಿರುಚಿಯೋ ತೀರಿಸಬೇಕು. ನಿಮ್ಮ ಥಾರ್‌ನ ಮುಂದಿನದು ಇಂಡಿಪೆಂಡೆಂಟ್ ಸಸ್ಪೆನ್ಷನ್. ಸ್ಟೀರಿಂಗ್ ಪೂರ್ತಿ ತಿರುಗಿದ ಸ್ಥಿತಿಯಲ್ಲಿ ಲಾಕ್ ಹಾಕಿ ಒತ್ತಿದರೆ ಮೊದಲು ಒಡೆಯುವುದು ಸಿವಿ ಜಾಯಿಂಟ್, ಅಂದರೆ ಮುಂಚಕ್ರದ ಶಾಫ್ಟಿನ ಬಾಗುವ ಕೀಲು. ಸಾಲದ್ದಕ್ಕೆ ವಾರಂಟಿಯೂ ಹೋಗುತ್ತದೆ. ಕಂಪನಿಯ ವಿವರಗಳಿಗೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದೂ ನೆನಪಿರಲಿ, ವಿಮೆಯ ಕ್ಲೇಮಿನ ಹೊತ್ತಿಗೆ ಅದು ಎದ್ದು ಬರುತ್ತದೆ.

ಆ ದುಡ್ಡನ್ನು ಟೈರಿಗೆ ಹಾಕಿ. ಜೇಡಿಮಣ್ಣು ಟೈರಿನ ಸಂದಿಗೆ ತುಂಬಿ ನುಣ್ಣಗಾದ ಮೇಲೆ ಲಾಕ್ ಮಾಡುವುದೂ ಏನಿಲ್ಲ, ಎರಡು ನುಣುಪು ಉರುಳೆಗಳನ್ನು ಒಟ್ಟಿಗೆ ತಿರುಗಿಸುತ್ತದೆ, ಅಷ್ಟೆ. ಬಹುಪಾಲು ಟಾರು, ಸ್ವಲ್ಪ ಕೆಸರು ಇರುವ ನಿಮ್ಮ ಓಡಾಟಕ್ಕೆ ಆಲ್ ಟೆರೇನ್ ಸರಿ. ಮಡ್ ಟೆರೇನ್ ಜೌಗಿನಲ್ಲಿ ಚೆನ್ನ, ಆದರೆ ಒದ್ದೆ ಟಾರಿನಲ್ಲಿ ಬ್ರೇಕ್ ಒತ್ತಿದಾಗ ನಂಬಿಕೆ ಕೊಡದು. ಜೌಗು ಹೆಚ್ಚಿದ ದಿನ ಗಾಳಿಯನ್ನು 22-24 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಟಾರಿಗೆ ಬಂದ ಮೇಲೆ ಮತ್ತೆ ತುಂಬಬೇಕು, ಹಾಗಾಗಿ 12 ವೋಲ್ಟಿನ ಒಳ್ಳೆಯ ಪಂಪು ಗಾಡಿಯಲ್ಲಿರಲಿ. ಮಳೆಗಾಲದಲ್ಲಿ ತೋಟದ ಜೀಪುಗಳು ಚಕ್ರಕ್ಕೆ ಚೈನ್ ಸುತ್ತುವುದು ಹಳೇ ಪದ್ಧತಿ, ಇವತ್ತಿಗೂ ಕೆಸರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದೇ ಆಕ್ಸಲ್‌ನ ಎರಡೂ ಚಕ್ರಕ್ಕೆ ಹಾಕಬೇಕು. ಚೈನ್ ಹಾಕಿದ ಮೇಲೆ ಹಿಡಿತ ಒಮ್ಮೆಗೇ ಕಚ್ಚುವುದರಿಂದ, ಲಾಕ್ ಇರುವ ಗಾಡಿಯಲ್ಲಿ ಆಕ್ಸಲರೇಟರ್ ಇನ್ನೂ ಮೆದುವಾಗಿರಲಿ.

ಸಿಕ್ಕಿಕೊಂಡಾಗ ಒಂದು ಮಾತು. ಲಾಕ್ ಕೂತು ಚಕ್ರ ಎರಡು ಮೂರು ಸುತ್ತು ತಿರುಗಿಯೂ ಗಾಡಿ ಅಲ್ಲಾಡದಿದ್ದರೆ ನಿಲ್ಲಿಸಿಬಿಡಿ. ಲಾಕ್ ಇಲ್ಲದ ಗಾಡಿ ಒಂದು ಗುಂಡಿ ತೋಡಿದರೆ ಲಾಕ್ ಇರುವುದು ಎರಡು ತೋಡುತ್ತದೆ, ಕಡೆಗೆ ಹೌಸಿಂಗ್ ನೆಲಕ್ಕೆ ಕೂರುತ್ತದೆ. ಇಳಿದು ಹೌಸಿಂಗ್ ಕೆಳಗೆ ಕೈ ಹಾಕಿ ನೋಡಿ. ತಾಗಿದ್ದರೆ ಅಲ್ಲಿನ ಮಣ್ಣು ತೆಗೆಯಿರಿ, ಚಕ್ರದ ಮುಂದಿನ ದಿಬ್ಬ ಕೆರೆದು ಓರೆ ಮಾಡಿ, ಕಲ್ಲು ಅಥವಾ ಹಲಗೆ ಕೊಡಿ. ಅಡಿಕೆ ಸೋಗೆ ಒಂದೆರಡು ಹಾಕಿದರೆ ಜಾರಿ ಹಿಂದಕ್ಕೆ ಹಾರುತ್ತದೆ, ದಪ್ಪಗೆ ಅಡ್ಡಡ್ಡ ಹಾಸಿದರೆ ಮಾತ್ರ ಹಿಡಿಯುತ್ತದೆ.

ಇಳಿಜಾರಿನಲ್ಲಿ ನೇರ ದಾರಿಯಾದರೆ ಫೋರ್ ಲೋ ಮೊದಲ ಗೇರ್, ಕಾಲು ಎರಡೂ ಪೆಡಲ್‌ನಿಂದ ದೂರ. ಸ್ವಿಚ್ ಲಾಕ್ ಇರುವವರು ತಿರುವಿರುವ ಅಥವಾ ವಾಲಿದ ಇಳಿಜಾರಿಗೆ ಮುಂಚೆ ಅದನ್ನು ತೆಗೆದುಬಿಡಬೇಕು. ಬಹುತೇಕ ಗಾಡಿಗಳಲ್ಲಿ ಅಂಥ ಲಾಕ್ ಹಾಕಿದಾಗ ಎಬಿಎಸ್ಸೂ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು) ಇಎಸ್‌ಪಿಯೂ (ಗಾಡಿ ಪಕ್ಕಕ್ಕೆ ಹೊರಳದಂತೆ ತಡೆಯುವುದು) ಕೆಲಸ ನಿಲ್ಲಿಸುತ್ತವೆ ಅಥವಾ ಕಡಿಮೆ ಮಾಡುತ್ತವೆ.

ಮನಾಲಿಗೆ ಬರೋಣ. ಮನಾಲಿಯಿಂದ ಮುಂದಿನ ಅಟಲ್ ಸುರಂಗದ ಎರಡೂ ಬಾಯಿ 3,000 ಮೀಟರಿಗಿಂತ ಎತ್ತರದಲ್ಲಿವೆ. ಜನವರಿಯಲ್ಲಿ ಅಲ್ಲಿ ಹಗಲು ಕರಗಿದ ನೀರು ಸಂಜೆ ಟಾರಿನ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಪದರವಾಗಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಹಿಡಿತ ಭಾರದ ಹತ್ತನೇ ಒಂದು ಭಾಗವೋ ಇನ್ನೂ ಕಡಿಮೆಯೋ, ಅದೂ ನಾಲ್ಕು ಚಕ್ರಕ್ಕೂ ಸಮನಾಗಿ. ಮೇಲೆ ಹೇಳಿದ ವಾಲಿದ ಕೆಸರಿನ ದಾರಿಯ ಲೆಕ್ಕವೇ ಇಲ್ಲಿಯೂ, ಇನ್ನೂ ಕಠಿಣವಾಗಿ: ಲಾಕ್‌ನಿಂದ ಲಾಭವಿಲ್ಲ, ಹಿಂಭಾಗ ಕಣಿವೆಯ ಕಡೆ ಹೊರಳುವುದಕ್ಕೆ ದಾರಿ. ನಿಮ್ಮ ಲಾಕಿಗೆ ಸ್ವಿಚ್ ಇಲ್ಲ ಎಂದೆನಲ್ಲ, ಅದರ ಸ್ವಿಚ್ ಇರುವುದು ನಿಮ್ಮ ಬಲಗಾಲಿನಲ್ಲಿ. ಚಕ್ರ ಗಂಟೆಗೆ 15 ಕಿ.ಮೀ.ನಷ್ಟು ಹೆಚ್ಚು ಜಾರದಂತೆ ನೋಡಿಕೊಂಡರೆ ಅದು ಕೂರುವುದಿಲ್ಲ. ಅದಕ್ಕೆ ಹಿಮ ಶುರುವಾಗುವ ಮುಂಚೆಯೇ ಫೋರ್ ಹೈ ಹಾಕಿ, ಎರಡನೇ ಗೇರ್‌ನಲ್ಲಿ ಹೊರಡಿ, ಚಕ್ರ ಜಾರಿದ ಸುಳಿವು ಸಿಕ್ಕಿದರೆ ಒತ್ತುವ ಬದಲು ಬಿಡಿ. ಮೆದು ಹಿಮದಲ್ಲಿ ಹೂತು ನಿಂತಾಗ, ಸಮತಟ್ಟಾದ ಜಾಗದಲ್ಲಿ, ಹೊರಬರಲು ಮಾತ್ರ ಲಾಕ್ ಕೂರಲಿ.

ಅಲ್ಲಿ ಮುಖ್ಯವಾದ್ದು ನಿಲ್ಲುವುದು, ಹೊರಡುವುದಲ್ಲ. ಬ್ರೇಕ್ ಒತ್ತಿ ನಿಲ್ಲಿಸುವುದಕ್ಕೆ ಫೋರ್ ವೀಲ್ ಡ್ರೈವಾಗಲಿ ಲಾಕಾಗಲಿ ನೆರವಾಗುವುದಿಲ್ಲ. ನಿಮ್ಮ ಟೈರಿನ ಅಳತೆಗೆ ಸರಿಯಾದ ಸ್ನೋ ಚೈನ್ ಒಯ್ಯಿರಿ, ಊರಲ್ಲೇ ಅಂಗಳದಲ್ಲಿ ಒಮ್ಮೆ ಹಾಕಿ ತೆಗೆದು ಕಲಿಯಿರಿ. ಮೈಕೊರೆಯುವ ಚಳಿಯಲ್ಲಿ ಮೊದಲ ಸಲ ಕಲಿಯಲಾಗದು. ಒಂದೇ ಜೊತೆಯಿದ್ದರೆ ಗಾಡಿಯ ಕೈಪಿಡಿ ಹೇಳಿದ ಆಕ್ಸಲ್‌ಗೆ ಹಾಕಿ. ಹಿಮ ಬಿದ್ದ ದಿನ ಫೋರ್ ವೀಲ್ ಡ್ರೈವ್ ಅಥವಾ ಚೈನ್ ಇರುವ ಗಾಡಿಗಳನ್ನಷ್ಟೇ ಪೊಲೀಸರು ಮುಂದೆ ಬಿಡುವುದುಂಟು. ಚೈನ್ ಹಾಕಿ ಹಿಮವಿಲ್ಲದ ಟಾರಿನಲ್ಲಿ ಓಡಿಸಬೇಡಿ. ಡಿಫರೆನ್ಷಿಯಲ್ ಆಯಿಲ್ ಬಗ್ಗೆ ಗಾಬರಿ ಬೇಡ: 80ಡಬ್ಲ್ಯೂ ದರ್ಜೆಯದ್ದು ಮೈನಸ್ 26 ಡಿಗ್ರಿವರೆಗೆ, 75ಡಬ್ಲ್ಯೂ ಮೈನಸ್ 40ರವರೆಗೆ ಹರಿಯುವಂತೆ ಮಾಡಿದ್ದು. ಮನಾಲಿಗೆ ಮೊದಲನೆಯದೇ ಸಾಕು. ಏರ್ ಲಾಕರ್ ಇರುವ ಗೆಳೆಯರು ಜೊತೆಗಿದ್ದರೆ ಹೊರಡುವ ಮುಂಚೆ ಪೈಪಿನ ನೀರಿನಂಶ ಊದಿ ತೆಗೆಸಲಿ, ಮಲೆನಾಡಿನ ತೇವ ಅಲ್ಲಿ ಮಂಜುಗಡ್ಡೆಯಾಗಿ ವಾಲ್ವ್ ಕಟ್ಟಿಹಾಕುತ್ತದೆ.

ಆಯಿಲ್ ವಿಷಯ ಬಂತಲ್ಲ, ಹಳ್ಳ ದಾಟುವವರು ಇದನ್ನು ಬಿಡಬಾರದು. ಐವತ್ತು ಅರುವತ್ತು ಕಿ.ಮೀ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರು ತುಂಬಿ ಮುಚ್ಚಿದ್ದರೆ ಆ ಎಳೆತಕ್ಕೆ ಸೀಲಿನ ಅಂಚಿನಿಂದ ನೀರು ಒಳಗೆ ಬರುತ್ತದೆ. ಬ್ರೀದರ್ ತೆಗೆದು ಊದಿ ನೋಡಿ, ಗಾಳಿ ಹೋಗಬೇಕು. ಆಯಿಲ್ ತಡೆಯುವ ರಬ್ಬರ್ ಹೋಸ್‌ನಿಂದ ಅದನ್ನು ಬಾನೆಟ್ ಎತ್ತರಕ್ಕೆ ಅಥವಾ ಹಿಂದಿನ ದೀಪದ ಎತ್ತರಕ್ಕೆ ಏರಿಸಿದರೆ ಶಾಶ್ವತ ಪರಿಹಾರ, ಖರ್ಚೂ ಅಲ್ಪ. ಮಳೆಗಾಲ ಮುಗಿದ ಮೇಲೆ ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದೇ ವಾರ ಬದಲಿಸಿ. ಲಾಕ್ ಒಳಗೆ ಕ್ಲಚ್ ತಟ್ಟೆಗಳಿರುವುದರಿಂದ ಸಿಕ್ಕಿದ ಆಯಿಲ್ ಹಾಕುವಂತಿಲ್ಲ. ಡಬ್ಬಿಯ ಮೇಲೆ ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆಯನ್ನಷ್ಟೇ ನೋಡಿದರೆ ಸಾಲದು, ಲಾಕ್ ಇರುವ ಆಕ್ಸಲ್‌ಗೆ ಕೈಪಿಡಿಯಲ್ಲಿ ಬರೆದದ್ದೇ ಬೇಕು. ತಪ್ಪು ಆಯಿಲ್‌ನಲ್ಲಿ ತಟ್ಟೆಗಳು ಕಚ್ಚಿ ಬಿಟ್ಟು ಮಾಡಿ ನಿಧಾನ ತಿರುವಿನಲ್ಲಿ ‘ಗರಗರ’ ನಡುಕ ಬರುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುವುದು ಸಹಜ. ಚಕ್ಕೆ, ಚೂರು, ಹಲ್ಲಿನ ತುದಿ ಸಿಕ್ಕಿದರೆ ಓಡಿಸಬೇಡಿ.

‘ಧಡ್’ ಸದ್ದಿನಲ್ಲಿ ಹೆದರಬೇಕಾದ್ದು ಯಾವುದು ಎಂದರೆ, ಚಕ್ರ ಜಾರದಿದ್ದಾಗಲೂ ಗೇರ್ ಹಾಕಿದ ಕೂಡಲೇ ಬರುವುದು. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಳಗೆ ಹೋಗಿ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಅದರ ತುದಿಯ ಕೀಲಾದ ಯೂನಿವರ್ಸಲ್ ಜಾಯಿಂಟ್ ಅಲ್ಲಾಡಿದರೆ ಸದ್ದು ಅಲ್ಲಿಯದು. ಹಿಂದಿನ ಲಿಂಕ್ ಆರ್ಮ್‌ಗಳ ಬುಷ್ ಹರಿದಿದ್ದರೂ ಥೇಟ್ ಇದೇ ಸದ್ದು. ವೇಗಕ್ಕೆ ತಕ್ಕಂತೆ ಬಿಡದೆ ‘ಟಿಕ್ ಟಿಕ್’ ಎಂದರೆ ಕ್ರೌನ್ ಪಿನಿಯನ್ ಹಲ್ಲು ನೋಡಿಸಿ.

ನಿಮ್ಮ ಹೆಂಡತಿಗೆ ತಿಳಿಸಬೇಕಾದ್ದು ಇಷ್ಟೇ: ಹಳ್ಳಕ್ಕೆ ಮುಂಚೆ ಫೋರ್ ಹೈ, ಟಾರಿಗೆ ಬಂದ ಮೇಲೆ ಟೂ ಹೈ, ಏರಿನಲ್ಲಿ ಸದ್ದು ಬಂದರೆ ಬೆಚ್ಚಿ ಬ್ರೇಕ್ ಒತ್ತುವುದು ಬೇಡ, ಹಿಂಭಾಗ ಹೊರಳಿದರೆ ಆಕ್ಸಲರೇಟರ್ ಬಿಡುವುದು. ಮಣ್ಣಿನ ದಾರಿಯಲ್ಲಿ ಎರಡು ಸಲ ಪಕ್ಕದಲ್ಲಿ ಕೂತು ಮಾಡಿಸಿದರೆ ರೂಢಿಯಾಗುತ್ತದೆ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ ದಿನ ಮಾತ್ರ ಒಂದು ಎಚ್ಚರ: ಸವೆದ ಟೈರಿಗೂ ಹೊಸ ಸ್ಟೆಪ್ನಿಗೂ ಸುತ್ತಳತೆಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ವ್ಯತ್ಯಾಸ ಬರಬಹುದು. ನಿಮ್ಮ ಲಾಕನ್ನು ಕೆಣಕಲು ಅದು ಸಾಲದು, ಆದರೆ ಆ ಸ್ಥಿತಿಯಲ್ಲಿ ಗಟ್ಟಿ ನೆಲದ ಮೇಲೆ ಫೋರ್ ಹೈ ಹಾಕಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿಗೆ ಏಟು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರುಗಳನ್ನು ಅದಲುಬದಲು ಮಾಡಿಸುತ್ತಿರಿ.